ಅಟ್ಟದ ಮೇಲಿನ ಕ್ಯಾಮೆರಾ: ಅಕ್ಷರ ಓದದೆ ತೂಕಕ್ಕೆ ಹಾಕಬೇಡಿ



ಮಹಾನವಮಿ ಹತ್ತಿರ ಬಂತೆಂದರೆ ನಮ್ಮ ಕಡೆ ಮನೆಮನೆಯಲ್ಲೂ ಅಟ್ಟದ ಸಾಮಾನು ಕೆಳಗಿಳಿಯುತ್ತದೆ. ಕೌದಿ ಹಳ್ಳಕ್ಕೆ, ಹಂಡೆ-ಕೊಡ ಹುಣಸೆಹಣ್ಣಿಗೆ, ಉಳಿದದ್ದು ಗುಜರಿಯವನಿಗೆ. ಹೀಗೆ ಇಳಿಸಿದ ಸಾಮಾನಿನಲ್ಲಿ ಎಷ್ಟೋ ಮನೆಗಳಲ್ಲಿ ಒಂದು ಹಳೆಯ ಕ್ಯಾಮೆರಾ ಇರುತ್ತದೆ. ಚರ್ಮದ ಚೀಲ ಸುಕ್ಕುಗಟ್ಟಿರುತ್ತದೆ, ಪಟ್ಟಿ ಹರಿದಿರುತ್ತದೆ. “ಇದನ್ನೇನು ಮಾಡೂದು, ಮೊಬೈಲಿನ್ಯಾಗ ಫೋಟೋ ಬರ್ತಾವಲ್ಲ” ಅಂತ ಹಳೆ ಪೇಪರಿನ ಜೊತೆ ತೂಕಕ್ಕೆ ಹಾಕಿಬಿಡುತ್ತೇವೆ.

ಈ ಸಲ ಈ ವಿಷಯ ಬರೆಯಲು ಕಾರಣ ಕುಷ್ಟಗಿ ತಾಲ್ಲೂಕಿನಿಂದ ಬಂದ ಒಂದು ಪತ್ರ. ಬರೆದವರು ನನಗಿಂತ ಹಿರಿಯರು. ಅವರ ಯಜಮಾನರು ಮೂವತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿ ಎರಡು ವರ್ಷದ ಹಿಂದೆ ತೀರಿಕೊಂಡರಂತೆ. “ತಂಗೀ, ಅವರು ಹೋದಮ್ಯಾಲ ಟ್ರಂಕು ತೆಗದಿದ್ದಿಲ್ಲ. ಮೊನ್ನೆ ಒಬ್ಬ ವ್ಯಾಪಾರಿ ಬಂದು ಐದೂ ಕ್ಯಾಮೆರಾ, ನೆಗೆಟಿವ್ ಡಬ್ಬಿ ಎಲ್ಲಾ ಸೇರಿ ಮೂರು ಸಾವಿರ ಕೊಡ್ತೀನಿ ಅಂದ. ಮಾಳಿಗಿ ಸೋರಾಕ ಹತ್ತೈತಿ, ರೊಕ್ಕ ಬೇಕಾಗೈತಿ. ಆದ್ರ ಅವ ಒಂದೊಂದನ್ನ ಹೊಳ್ಳಿಸಿ ಹೊಳ್ಳಿಸಿ ಅಕ್ಷರ ಓದಿದ್ದು ನೋಡಿ ನನಗ ಅನುಮಾನ ಬಂತು. ಆ ಅಕ್ಷರದಾಗ ಏನೈತಿ?” ಎಂದು ಕೇಳಿ, ಪ್ರತಿಯೊಂದು ಕ್ಯಾಮೆರಾದ ಮೇಲಿದ್ದುದನ್ನೂ ಹಾಳೆಯಲ್ಲಿ ಬರೆದು ಕಳಿಸಿದ್ದಾರೆ.

ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವಳು. ಅಡುಗೆ, ಹೊಲಿಗೆ ಬಿಟ್ಟು ಯಂತ್ರದ ವಿಚಾರ ನನಗೆ ಅಷ್ಟಕ್ಕಷ್ಟೇ. ಗಂಗಾವತಿಯ ನಮ್ಮ ಓಣಿಯಲ್ಲಿ ನಲವತ್ತು ವರ್ಷ ಮದುವೆ ಫೋಟೋ ತೆಗೆದ ಹಿರಿಯರೊಬ್ಬರಿದ್ದಾರೆ, ಎಲ್ಲರೂ ಅವರನ್ನು ಕಾಕಾ ಅಂತೀವಿ. ಅವರ ಮುಂದೆ ಈ ಹಾಳೆ ಇಟ್ಟೆ. ಅವರು ಹೇಳಿದ್ದನ್ನೂ ನಾನು ಓದಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ. ಆ ಅಕ್ಕನವರಿಗೆ ಮಾತ್ರ ಅಂದೇ ಫೋನ್ ಮಾಡಿ “ಸ್ವಲ್ಪ ತಡೀರಿ, ಅವಸರ ಮಾಡಬ್ಯಾಡ್ರಿ” ಎಂದು ಹೇಳಿದೆ.

ಗುರುತು ಎಲ್ಲೆಲ್ಲಿ ಇರುತ್ತದೆ?

ಬಂಗಾರ ಕೊಳ್ಳುವಾಗ ನಾವು ಹಾಲ್‌ಮಾರ್ಕ್ ನೋಡುವುದನ್ನು ಕಲಿತಿದ್ದೇವೆ. 22 ಕ್ಯಾರೆಟ್ಟಿಗೆ 916 ಎಂಬ ಅಂಕಿ, ಜೊತೆಗೆ 2021ರಿಂದ ಆರು ಅಕ್ಷರ-ಅಂಕಿಗಳ ಒಂದು ಸಂಖ್ಯೆ. ಅದು ಶುದ್ಧತೆಗೆ ಸಾಕ್ಷಿ. ಕ್ಯಾಮೆರಾದ ಗುರುತು ಹಾಗಲ್ಲ. ಅದು ಮಾಡಿದವರು ಯಾರು, ಯಾವ ಊರಿನಲ್ಲಿ, ಯಾವ ಕಾಲದಲ್ಲಿ ಎಂಬುದನ್ನು ಹೇಳುತ್ತದೆ. ಬೆಲೆ ಎಷ್ಟು ಎಂಬುದನ್ನು ಹೇಳುವುದಿಲ್ಲ.

ಗುರುತು ಹುಡುಕುವ ಜಾಗ ನಾಲ್ಕು. ಲೆನ್ಸಿನ ಸುತ್ತಲಿನ ಬಳೆ, ಕ್ಯಾಮೆರಾದ ನೆತ್ತಿ, ತಳ, ಹಿಂಬದಿ ಬಾಗಿಲಿನ ಒಳಮೈ. ಚರ್ಮದ ಚೀಲದ ಒಳಗೂ ಒಮ್ಮೊಮ್ಮೆ ಹೆಸರು ಒತ್ತಿರುತ್ತಾರೆ. ಅಕ್ಷರ ಸವೆದಿದ್ದರೆ ಉಜ್ಜಬೇಡಿ. ಕೋಣೆ ಕತ್ತಲು ಮಾಡಿ ಬ್ಯಾಟರಿಯ ಬೆಳಕನ್ನು ಓರೆಯಾಗಿ ಬಿಟ್ಟರೆ ಕೊರೆದ ಅಕ್ಷರ ತಾನೇ ಎದ್ದು ಕಾಣುತ್ತದೆ.

ಲೆನ್ಸಿನ ಬಳೆಯ ಮೇಲಿನ 1:3.5, 80 ಮಿ.ಮೀ. ಮುಂತಾದ ಅಂಕಿಗಳು ಇಸವಿಯಲ್ಲ, ಬೆಲೆಯೂ ಅಲ್ಲ. 3.5 ಎಂಬುದು ಲೆನ್ಸು ಎಷ್ಟು ದೊಡ್ಡದಾಗಿ ಕಣ್ಣು ತೆರೆಯುತ್ತದೆ ಎಂಬ ಲೆಕ್ಕ. ಈ ಅಂಕಿ ಚಿಕ್ಕದಾದಷ್ಟೂ ಕಡಿಮೆ ಬೆಳಕಿನಲ್ಲಿ ಫೋಟೋ ಬರುತ್ತದೆ. ಎರಡನೆಯದು ಎಷ್ಟು ಅಗಲದ ನೋಟ ಹಿಡಿಯುತ್ತದೆ ಎಂಬುದಕ್ಕೆ ಸಂಬಂಧಿಸಿದ್ದು. ಇವೆರಡನ್ನೂ ಬಿಟ್ಟು ಉಳಿಯುವ ಉದ್ದನೆಯ ಸಂಖ್ಯೆಯೇ ಕಾರ್ಖಾನೆಯ ಕ್ರಮಸಂಖ್ಯೆ.

ದೇಶದ ಹೆಸರೇ ಪಂಚಾಂಗ

ಎಲ್ಲಕ್ಕಿಂತ ಸುಲಭವಾಗಿ ಓದಬಹುದಾದದ್ದು ದೇಶದ ಹೆಸರು. ದೇಶಗಳು ಒಡೆಯುತ್ತವೆ, ಕೂಡುತ್ತವೆ, ಹೆಸರು ಬದಲಿಸುತ್ತವೆ. ಆಗ ಲೋಹದ ಮೇಲೆ ಕೊರೆದ ಹೆಸರೇ ಇಸವಿ ಹೇಳುತ್ತದೆ.

‘ಮೇಡ್ ಇನ್ ಯುಎಸ್‌ಎಸ್‌ಆರ್’ ಎಂದಿದ್ದರೆ ಅದು 1991ಕ್ಕಿಂತ ಈಚಿನದಲ್ಲ. ಆ ವರ್ಷ ಸೋವಿಯತ್ ದೇಶವೇ ಇಲ್ಲವಾಯಿತು. ‘ವೆಸ್ಟ್ ಜರ್ಮನಿ’ ಅಥವಾ ‘ಡಿಡಿಆರ್’ ಎಂದಿದ್ದರೆ ಜರ್ಮನಿ ಎರಡಾಗಿದ್ದ ಕಾಲದ್ದು, ಅಂದರೆ 1949ರಿಂದ 1990ರೊಳಗಿನದು. ‘ಮೇಡ್ ಇನ್ ಆಕ್ಯುಪೈಡ್ ಜಪಾನ್’ ಎಂಬ ಗುರುತು ಇದಕ್ಕಿಂತ ಅಪರೂಪ. ಯುದ್ಧ ಸೋತ ಜಪಾನು ಅಮೆರಿಕದ ಸೇನೆಯ ಕೈಯಲ್ಲಿದ್ದಾಗ, ಹೊರದೇಶಕ್ಕೆ ಕಳಿಸುವ ಸಾಮಾನಿನ ಮೇಲೆ 1947ರಿಂದ 1952ರವರೆಗೆ ಈ ಮಾತು ಹಾಕುತ್ತಿದ್ದರು. ತನ್ನ ನೆಲ ತನ್ನದಲ್ಲ ಎಂದು ತಾನೇ ಕೊರೆದು ಕಳಿಸಿದ ಹಾಗೆ! ಆರಂಭದ ನಿಕಾನ್ ಕ್ಯಾಮೆರಾಗಳ ಮೇಲೆ ಈ ಗುರುತು ಸಿಕ್ಕರೆ ಸಂಗ್ರಹಕಾರರು ಬಿಡುವುದಿಲ್ಲ.

ಐದು ಕ್ಯಾಮೆರಾ, ಐದು ಊರು

ಈಗ ಆ ಅಕ್ಕನವರ ಪಟ್ಟಿಗೆ ಬರೋಣ.

ಮೊದಲನೆಯದು ಮೂರು ಕಾಲಿನ ಮೇಲೆ ನಿಲ್ಲಿಸಿ, ಕರೆ ಅರಿವೆ ಹೊದ್ದು ಫೋಟೋ ತೆಗೆಯುವ ಕಟ್ಟಿಗೆಯ ಕ್ಯಾಮೆರಾ. ಕಮ್ಮಾರನ ತಿದಿಯಂತೆ ಮಡಿಕೆ ಮಡಿಕೆಯಾಗಿ ಮುಂದೆ ಬರುತ್ತದೆ. ಅದರ ಹಿತ್ತಾಳೆ ತಗಡಿನ ಮೇಲೆ ‘ವಾಗೀಶ್ವರಿ’, ‘ಅಲೆಪ್ಪಿ’ ಎಂದಿದೆ. ಇದನ್ನು ಓದುತ್ತಲೇ ಕಾಕಾ ಕುರ್ಚಿಯಿಂದ ಎದ್ದೇಬಿಟ್ಟರು. ಇದು ವಿಲಾಯತಿಯದಲ್ಲ, ನಮ್ಮ ನೆರೆಯ ಕೇರಳದ್ದು. ಅಲಪ್ಪುಳದ ಕೆ. ಕರುಣಾಕರನ್ ಎಂಬವರು 1940ರ ದಶಕದಲ್ಲಿ ಈ ಕ್ಯಾಮೆರಾ ಮಾಡಲು ಶುರುಮಾಡಿದರು. ಕಟ್ಟಿಗೆ, ಹಿತ್ತಾಳೆ ಕೆಲಸವೆಲ್ಲ ಅಲ್ಲಿಯದೇ, ಲೆನ್ಸು ಮಾತ್ರ ಹೊರದೇಶದ್ದು. ದೇಶದ ಎಷ್ಟೋ ಊರಿನ ಸ್ಟುಡಿಯೋಗಳಲ್ಲಿ ಇವು ದುಡಿದವು. 1980ರ ದಶಕದಲ್ಲಿ ತಯಾರಿಕೆ ನಿಂತಿತು. ಊರಿನ ಹೆಸರು ‘ಅಲೆಪ್ಪಿ’ ಎಂದಿರುವುದೂ ಹಳೆಯ ಕಾಲದ ಗುರುತೇ. ಸರ್ಕಾರಿ ಕಾಗದದಲ್ಲಿ ಅದು ಅಲಪ್ಪುಳ ಆದದ್ದು 1990ರಲ್ಲಿ.

ಇದೇ ಕ್ಯಾಮೆರಾದ ಲೆನ್ಸಿನ ಮೇಲೆ ‘ಕಾರ್ಲ್ ಜೈಸ್ ಯೇನಾ’ ಎಂದಿದೆ. ಈ ಹೆಸರಿನ ಹಿಂದೆ ಒಂದು ಪಾಲುಪಟ್ಟಿಯ ಕಥೆ ಇದೆ. ಯೇನಾ ಎಂಬುದು ಜರ್ಮನಿಯ ಊರು. ಅಲ್ಲಿ 1846ರಲ್ಲಿ ಕಾರ್ಲ್ ಜೈಸ್ ಕಾರ್ಯಾಗಾರ ತೆರೆದರು. 1945ರಲ್ಲಿ ಯುದ್ಧ ಮುಗಿದಾಗ ಕಂಪನಿಯ ಮುಖ್ಯ ತಜ್ಞರನ್ನು ಅಮೆರಿಕದವರು ಪಶ್ಚಿಮಕ್ಕೆ ಕರೆದೊಯ್ದರು, ಊರು ರಷ್ಯಾದವರ ಪಾಲಿಗೆ ಬಂತು. ಅಲ್ಲೊಂದು ಜೈಸ್, ಇಲ್ಲೊಂದು ಜೈಸ್. ಅಪ್ಪನ ಅಂಗಡಿ ಹೆಸರಿಗಾಗಿ ಅಣ್ಣತಮ್ಮಂದಿರು ಕೋರ್ಟಿಗೆ ಹೋದಂತೆ ಇವರೂ ಹೋದರು. ಕಡೆಗೆ ಪೂರ್ವದವರು ಪಶ್ಚಿಮದ ಪೇಟೆಗಳಿಗೆ ಕಳಿಸುವ ಲೆನ್ಸಿನ ಮೇಲೆ ಮನೆತನದ ಹೆಸರು ಬಿಟ್ಟು ‘ಯೇನಾದಿಂದ’ ಎಂದಷ್ಟೇ ಹಾಕಬೇಕಾಯಿತು. 1990ರಲ್ಲಿ ಜರ್ಮನಿ ಒಂದಾದ ಮೇಲೆ ಜಗಳ ಮುಗಿಯಿತು.

ಎರಡನೆಯದು ಮಡಚುವ ಕೊಡಕ್ ಕ್ಯಾಮೆರಾ. ಯಜಮಾನರ ತಂದೆ ಹೈದರಾಬಾದಿನಿಂದ ತಂದದ್ದಂತೆ. ಲೆನ್ಸಿನ ಕ್ರಮಸಂಖ್ಯೆಯ ಮುಂದೆ ಇಂಗ್ಲಿಷಿನ ಇ, ಎಸ್ ಎಂಬ ಎರಡು ಅಕ್ಷರಗಳಿವೆ. ಇದರ ಅರ್ಥ ಕೇಳಿದರೆ ನಿಮಗೆ ನಗು ಬರುತ್ತದೆ. ನಮ್ಮ ಜವಳಿ ಅಂಗಡಿಯವರು ಸೀರೆಯ ಚೀಟಿಯ ಮೇಲೆ ಗಿರಾಕಿಗೆ ತಿಳಿಯದಂತೆ ಅಕ್ಷರದಲ್ಲಿ ಅಸಲು ಬರೆದಿಡುತ್ತಾರಲ್ಲ, ಹತ್ತು ಅಕ್ಷರದ ಒಂದು ಪದ ಇಟ್ಟುಕೊಂಡು ಒಂದೊಂದಕ್ಕೆ ಒಂದೊಂದು ಅಂಕಿ? ಅಮೆರಿಕದ ಕೊಡಕ್ ಕಂಪನಿಯೂ ಅದನ್ನೇ ಮಾಡಿತು. ಅವರ ಪದ ‘ಕ್ಯಾಮೆರಾಸಿಟಿ’. ಇಂಗ್ಲಿಷಿನಲ್ಲಿ ಸಿ, ಎ, ಎಂ, ಇ, ಆರ್, ಓ, ಎಸ್, ಐ, ಟಿ, ವೈ. ಸಿ ಅಂದರೆ 1, ಎ ಅಂದರೆ 2, ಹೀಗೆ ಟಿ ಅಂದರೆ 9, ವೈ ಅಂದರೆ 0. ಇ ನಾಲ್ಕನೆಯದು, ಎಸ್ ಏಳನೆಯದು. ಅಂದಮೇಲೆ ಈ ಲೆನ್ಸು 1947ರದು!

ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ. ಆದರೆ ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿಗೆ ಆಗ ಬಂದಿರಲಿಲ್ಲ. ನಾವು ನಿಜಾಮನ ಆಳ್ವಿಕೆಯಿಂದ ಬಿಡುಗಡೆಯಾದದ್ದು 1948ರ ಸೆಪ್ಟೆಂಬರಿನಲ್ಲಿ. ಆ ಎರಡು ಅಕ್ಷರದೊಳಗೆ ಇಷ್ಟೆಲ್ಲ ಅಡಗಿದೆ ನೋಡ್ರಿ.

ಮೂರನೆಯದು ಅಗ್ಫಾ ಕ್ಲಿಕ್-3. ನಮ್ಮಲ್ಲಿ ಬಹಳ ಮಂದಿಯ ಬಾಲ್ಯದ ಫೋಟೋ ತೆಗೆದದ್ದು ಇದೇ. ಒಂದು ರೀಲಿಗೆ ಹನ್ನೆರಡೇ ಫೋಟೋ. ಇದರ ಮೇಲೆ ‘ಅಗ್ಫಾ-ಗೆವರ್ಟ್’ ಎಂದೂ ‘ಮೇಡ್ ಇನ್ ಇಂಡಿಯಾ’ ಎಂದೂ ಇದೆ. ಅಗ್ಫಾ ಎಂಬುದು ಜರ್ಮನ್ ಮಾತಿನ ಮೊದಲಕ್ಷರಗಳು, ಅರ್ಥ ಅನಿಲಿನ್ ಬಣ್ಣ ತಯಾರಿಸುವ ಕಂಪನಿ. ಬಟ್ಟೆಗೆ ಹಾಕುವ ಬಣ್ಣ ಮಾಡುತ್ತಿದ್ದವರು ಫೋಟೋ ರಸಾಯನಕ್ಕೆ ಬಂದು, ಅಲ್ಲಿಂದ ಕ್ಯಾಮೆರಾಕ್ಕೆ ಬಂದರು. 1964ರಲ್ಲಿ ಬೆಲ್ಜಿಯಂ ದೇಶದ ಗೆವರ್ಟ್ ಕಂಪನಿಯ ಜೊತೆ ಸೇರಿಕೊಂಡರು. ಆದ್ದರಿಂದ ಎರಡೂ ಹೆಸರು ಒಟ್ಟಿಗಿದ್ದರೆ ಕ್ಯಾಮೆರಾ 1964ರ ನಂತರದ್ದೆಂದು ಕಣ್ಣು ಮುಚ್ಚಿ ಹೇಳಬಹುದು. ನಮ್ಮ ದೇಶದಲ್ಲಿ ಇದನ್ನು ತಯಾರಿಸಿದ್ದು ಬರೋಡಾದ ನ್ಯೂ ಇಂಡಿಯಾ ಇಂಡಸ್ಟ್ರೀಸ್.

ನಾಲ್ಕನೆಯದು ಯಾಶಿಕಾ ಮ್ಯಾಟ್ 124 ಜಿ. ಒಂದರ ಮೇಲೊಂದು ಎರಡು ಕಣ್ಣಿನದು, ಎದೆಯ ಹತ್ತಿರ ಹಿಡಿದು ಮೇಲಿನಿಂದ ಬಗ್ಗಿ ನೋಡುತ್ತಿದ್ದರಲ್ಲ, ಅದೇ. ಜಪಾನಿನಲ್ಲಿ 1970ರಲ್ಲಿ ಬಂದದ್ದು. ಹನ್ನೆರಡು ಫೋಟೋದ ರೀಲೂ ಇಪ್ಪತ್ನಾಲ್ಕು ಫೋಟೋದ ರೀಲೂ ಇದಕ್ಕೆ ಹೊಂದುತ್ತವೆ. ‘ಜಿ’ ಎಂದರೆ ಗೋಲ್ಡ್. ಒಳಗೆ ವಿದ್ಯುತ್ ಹರಿಯುವ ಕೊಂಡಿಗಳಿಗೆ ಬಂಗಾರದ ಲೇಪ ಕೊಟ್ಟಿದ್ದಾರೆಂದು ಆ ಅಕ್ಷರ. ಬಂಗಾರ ಅಂದಕೂಡಲೇ ಒಡೆದು ನೋಡಬೇಡಿ, ಮೂಗುತಿಯ ಮುಳ್ಳಿಗೂ ಸಾಲದು! ಇದರ ಮೇಲೆ ಅಂಡಾಕಾರದ ಚಿನ್ನದ ಬಣ್ಣದ ಸಣ್ಣ ಚೀಟಿ ಅಂಟಿದೆ, ‘ಪಾಸ್ಡ್’ ಎಂದು ಬರೆದಿದೆ ಎಂದು ಅಕ್ಕನವರು ಬರೆದಿದ್ದಾರೆ. ಅದು ಜಪಾನಿನ ಕ್ಯಾಮೆರಾ ತಪಾಸಣಾ ಸಂಸ್ಥೆಯ ಚೀಟಿ. ರಫ್ತಾಗುವ ಕ್ಯಾಮೆರಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆ ಎಂದರ್ಥ. ಬಳಕೆಯಲ್ಲಿ ಬೇಗ ಕಿತ್ತುಹೋಗುವ ಇಂಥ ಚೀಟಿ ಉಳಿದಿದೆ ಅಂದರೆ ಆ ಕ್ಯಾಮೆರಾವನ್ನು ಜೋಪಾನವಾಗಿ ಇಟ್ಟಿದ್ದರು ಎಂದು ಕೊಳ್ಳುವವರಿಗೆ ತಿಳಿಯುತ್ತದೆ.

ಐದನೆಯದು ರಷ್ಯಾದ ಜೆನಿತ್. ಮಾಸ್ಕೋ ಹತ್ತಿರದ ಕ್ರಾಸ್ನೊಗೊರ್ಸ್ಕ್ ಕಾರ್ಖಾನೆಯದು. ಅದರ ಮುದ್ರೆ ಒಂದು ಗಾಜಿನ ಪ್ರಿಸಂ, ಒಳಹೊಕ್ಕು ಬಾಗಿ ಹೊರಬರುವ ಕಿರಣ. ಈ ಕಾರ್ಖಾನೆಯ ಕ್ಯಾಮೆರಾಗಳಲ್ಲಿ ಬಹುಮಟ್ಟಿಗೆ ಕ್ರಮಸಂಖ್ಯೆಯ ಮೊದಲ ಎರಡು ಅಂಕಿಯೇ ಇಸವಿ. ಅಕ್ಕನವರದು 80ರಿಂದ ಶುರುವಾಗುತ್ತದೆ, ಮೇಲೆ ಐದು ಉಂಗುರದ ಚಿತ್ರವೂ ಇದೆ. ಅಂದರೆ 1980ರ ಮಾಸ್ಕೋ ಒಲಿಂಪಿಕ್ಸಿನ ನೆನಪಿಗೆ ಮಾಡಿದ್ದು. ನಮ್ಮ ಹಾಕಿ ತಂಡ ಬಂಗಾರ ಗೆದ್ದ ಒಲಿಂಪಿಕ್ಸ್ ಅದು.

ಬೆಲೆ ಬರುವುದು ಯಾವುದಕ್ಕೆ?

ಇಷ್ಟು ಓದಿ “ಹಂಗಾದ್ರ ನಮ್ಮ ಟ್ರಂಕಿನ್ಯಾಗ ಲಕ್ಷ ರೂಪಾಯಿ ಐತಿ” ಅಂದುಕೊಳ್ಳಬೇಡಿ. ಹಳೆಯದೆಲ್ಲ ಅಪರೂಪವಲ್ಲ. ಸಂಗ್ರಹಕಾರರು ನೋಡುವುದು ಮುಖ್ಯವಾಗಿ ಈ ನಾಲ್ಕು. ಎಷ್ಟು ತಯಾರಾಗಿತ್ತು? ಈಗ ನಡೆಯುತ್ತದೆಯೇ? ಎಲ್ಲ ಭಾಗವೂ ಕಾರ್ಖಾನೆಯದೇ, ನಡುವೆ ಬದಲಾಯಿಸಿದ್ದೇ? ಜೊತೆಗೆ ಡಬ್ಬಿ, ಚೀಲ, ಮುಚ್ಚಳ, ಬಿಲ್ಲು ಇವೆಯೇ?

ಗುರುತು ಎಷ್ಟರಮಟ್ಟಿಗೆ ಬೆಲೆ ಏರಿಸಬಲ್ಲದು ಎಂಬುದಕ್ಕೆ ಒಂದು ಉದಾಹರಣೆ. ಜರ್ಮನಿಯ ವೆಟ್ಸ್‌ಲಾರ್ ಊರಿನಲ್ಲಿ 1923ರ ಸುಮಾರಿಗೆ ಪರೀಕ್ಷೆಗೆಂದು ಇಪ್ಪತ್ತಕ್ಕೂ ತುಸು ಹೆಚ್ಚು ಲೈಕಾ ಕ್ಯಾಮೆರಾ ಮಾಡಿದ್ದರು. ಅದರಲ್ಲಿ 105ನೇ ನಂಬರಿನದು, ಆ ಕ್ಯಾಮೆರಾವನ್ನು ಕಂಡುಹಿಡಿದ ಆಸ್ಕರ್ ಬಾರ್ನಾಕ್ ಸ್ವತಃ ಬಳಸಿದ್ದು. ಮೇಲೆ ಅವರ ಹೆಸರೂ ಕೊರೆದಿದೆ. 2022ರ ಜೂನಿನಲ್ಲಿ ಅದು ಹರಾಜಿನಲ್ಲಿ 1 ಕೋಟಿ 44 ಲಕ್ಷ ಯೂರೋಗೆ ಹೋಯಿತು. ನಮ್ಮ ಲೆಕ್ಕಕ್ಕೆ ನೂರು ಕೋಟಿ ರೂಪಾಯಿಗೂ ಮಿಕ್ಕಿ. ಅದೇ ಲೋಹ, ಅದೇ ಗಾಜು. ಬೆಲೆ ಬಂದದ್ದು ಆ ನಂಬರಿಗೆ, ಆ ಹೆಸರಿಗೆ.

ನಮ್ಮ ಅಕ್ಕನವರ ಐದರಲ್ಲಿ ಕಾಕಾ ಲೆಕ್ಕ ಹೀಗೆ. ಯಾಶಿಕಾ ಚೆನ್ನಾಗಿ ನಡೆಯುತ್ತಿದ್ದರೆ ಮೊದಲು ರೊಕ್ಕ ತರುವುದು ಅದೇ, ಯಾಕಂದರೆ ರೀಲು ಹಾಕಿ ಫೋಟೋ ತೆಗೆಯುವ ಹವ್ಯಾಸಿಗಳು ಈಗ ಮತ್ತೆ ಹೆಚ್ಚಿದ್ದಾರೆ. ವಾಗೀಶ್ವರಿಗೆ ನಮ್ಮ ದೇಶದ ಸಂಗ್ರಹಕಾರರಲ್ಲಿ ಒಳ್ಳೆಯ ಮರ್ಯಾದೆ ಇದೆ, ಅದರ ಹಿತ್ತಾಳೆ ತಗಡು ಇರಲೇಬೇಕು. ಜೆನಿತ್ ಬಹಳ ತಯಾರಾಗಿದ್ದರಿಂದ ಒಲಿಂಪಿಕ್ಸ್ ಗುರುತಿದ್ದರೂ ಮಧ್ಯಮ. ಕೊಡಕ್, ಕ್ಲಿಕ್-3ಕ್ಕೆ ಬರುವುದು ಸ್ವಲ್ಪವೇ. ಆದರೆ ಐದೂ ಸೇರಿ, ಮೇಲೆ ನೆಗೆಟಿವ್ ಡಬ್ಬಿ ಸಹಿತ ಮೂರು ಸಾವಿರ ಎಂಬುದು ಮಾತ್ರ ನ್ಯಾಯದ ಬೆಲೆಯಲ್ಲ.

ಮೋಸದ ಅಕ್ಷರ

ಗುರುತಿಗೆ ಬೆಲೆ ಇದೆ ಎಂದಮೇಲೆ ನಕಲಿಯೂ ಇರಲೇಬೇಕಲ್ಲ. ಕಿನ್ನಾಳದ ಗೊಂಬೆಗೆ ಮುದ್ರೆ ಬೇಕಿಲ್ಲ, ಆ ಬಣ್ಣ ನೋಡಿದ ಕೂಡಲೇ ನಮ್ಮ ಭಾಗದವರಿಗೆ ಯಾವ ಊರಿನ ಕೈ ಎಂದು ತಿಳಿಯುತ್ತದೆ. ಆದರೆ ಕೊರೆದ ಅಕ್ಷರವನ್ನು ಯಾರು ಬೇಕಾದರೂ ಕೊರೆಯಬಹುದು.

ಸೋವಿಯತ್ ಕಾಲದ ಖಾರ್ಕೊವ್‌ನಲ್ಲಿ, ಅನಾಥ ಮಕ್ಕಳ ದುಡಿಮೆಯ ಶಿಬಿರವೊಂದರಲ್ಲಿ 1934ರಿಂದ ‘ಫೆಡ್’ ಎಂಬ ಕ್ಯಾಮೆರಾ ಮಾಡುತ್ತಿದ್ದರು. ರೂಪದಲ್ಲಿ ಲೈಕಾದ ಪಡಿಯಚ್ಚು. ಮುಂದೆ ‘ಜೋರ್ಕಿ’ ಎಂಬುದೂ ಬಂತು. ಇವುಗಳ ಹೆಸರು ಅಳಿಸಿ, ಲೈಕಾ ಎಂದು ಕೊರೆದು, ಬಂಗಾರದ ನೀರು ಹೊಡೆಸಿ, ಜರ್ಮನ್ ಸೇನೆಯ ಹದ್ದಿನ ಚಿತ್ರ ಹಾಕಿ ಮಾರುವವರು ಬಹಳ. ಲೆನ್ಸು ಬಿಚ್ಚಿ ಒಳಗೆ ನೋಡಿದರೆ ಮೇಲ್ಭಾಗದಲ್ಲಿ ಲೆನ್ಸಿಗೆ ತಾಗುವ ಸಣ್ಣ ಕೈಯೊಂದಿರುತ್ತದೆ. ಅಸಲಿ ಲೈಕಾದಲ್ಲಿ ಅದರ ತುದಿಗೆ ದುಂಡನೆಯ ಪುಟ್ಟ ಗಾಲಿ. ನಕಲಿಯಲ್ಲಿ ಹೆಚ್ಚಾಗಿ ನಾಲಿಗೆಯಂಥ ತುಂಡು. ಬಂಗಾರದ ಬಣ್ಣ ಹೊಳೆಯುವ ‘ಲೈಕಾ’ ಯಾರಾದರೂ ತೋರಿಸಿದರೆ ಮೊದಲು ಅನುಮಾನ ಪಡಿ.

ಇದೇ ಎಚ್ಚರ ಮನೆಯ ಗಡಿಯಾರಕ್ಕೂ ಬೇಕು. ಬೆಂಗಳೂರಿನಲ್ಲಿ ಎಚ್.ಎಂ.ಟಿ.ಯವರು ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ 1961ರಲ್ಲಿ ಕೈಗಡಿಯಾರ ಶುರುಮಾಡಿದರು. 2016ರಲ್ಲಿ ಕೇಂದ್ರ ಸರ್ಕಾರ ಆ ಗಡಿಯಾರ ಕಂಪನಿ ಮುಚ್ಚಲು ಒಪ್ಪಿತು. ಹಳೆಯ ಎಚ್.ಎಂ.ಟಿ.ಗೆ ಈಗ ಬೇಡಿಕೆ ಇರುವುದರಿಂದ ಹಳೆ ಯಂತ್ರಕ್ಕೆ ಹೊಸ ಬಣ್ಣದ ಮುಖ ಕೂರಿಸಿ ಮಾರುತ್ತಾರೆ. ಅಪ್ಪನ ಕೈಯ ಗಡಿಯಾರ ಮನೆಯಲ್ಲಿದ್ದರೆ ಅದರ ಸವೆದ ಮುಖವನ್ನು ಹೊಸದು ಮಾಡಿಸಲು ಹೋಗಬೇಡಿ.

ಕಾರ್ಖಾನೆ ಹಾಕದ ಗುರುತು

ಅಕ್ಕನವರ ಹಾಳೆಯ ಕಡೆಯ ಸಾಲು ಓದಿ ನಾವಿಬ್ಬರೂ ಸ್ವಲ್ಪ ಹೊತ್ತು ಸುಮ್ಮನಾದೆವು. ಕ್ಲಿಕ್-3ರ ತಳದಲ್ಲಿ ಸೂಜಿಯಿಂದ ಗೀರಿದಂತೆ ಯಜಮಾನರ ಹೆಸರಿನ ಮೊದಲಕ್ಷರ, ಪಕ್ಕದಲ್ಲಿ 1974 ಎಂದು ಇದೆಯಂತೆ. ಅದು ಅವರು ಸ್ವಂತ ದುಡಿಮೆಯಿಂದ ಕೊಂಡ ಮೊದಲನೆಯ ಕ್ಯಾಮೆರಾ.

ಪೇಟೆಯ ಲೆಕ್ಕದಲ್ಲಿ ಇಂಥ ಗೀರು ಬೆಲೆ ಇಳಿಸುತ್ತದೆ. ಬಾರ್ನಾಕ್ ಹೆಸರಿಗೆ ಕೋಟಿ, ನಮ್ಮ ಯಜಮಾನರ ಹೆಸರಿಗೆ ಕಡಿತ! ಆದರೆ ನಾವು ಮದುವೆಗೆ ಕೊಡುವ ತಾಟು, ಚರಿಗೆಯ ಮೇಲೆ ಹೆಸರು ಹೊಡೆಸುವುದು ಯಾಕೆ? ಮಾರಲಿಕ್ಕಲ್ಲವಲ್ಲ. ತವರಿನಿಂದ ಬಂದ ಚರಿಗೆಯ ಮೇಲೆ ಅವ್ವನ ಹೆಸರು ಓದಿದಾಗ ನಮಗೆ ಆಗುವುದೇನೋ ಅದಕ್ಕೆ ಯಾವ ಸಂಗ್ರಹಕಾರನೂ ಬೆಲೆ ಕಟ್ಟಲಾರ. ಅದಕ್ಕೇ ನಾನು ಅಕ್ಕನವರಿಗೆ ಹೇಳಿದ್ದು, ಕ್ಲಿಕ್-3 ಮಾರಬೇಡಿ. ಅದು ತರುವ ರೊಕ್ಕವೂ ಅಷ್ಟರಲ್ಲೇ ಇದೆ. ಉಳಿದ ನಾಲ್ಕನ್ನು ಮಾರಲು ಮನಸ್ಸಿನಲ್ಲಿ ಅಳುಕು ಬೇಡ. ಮನೆ ಸೋರುವಾಗ ಟ್ರಂಕಿನಲ್ಲಿ ಕ್ಯಾಮೆರಾ ಕೂಡಿಟ್ಟರೆ ಹೋದವರಿಗೇನು ಸಂತೋಷ? ಅವರ ದುಡಿಮೆಯ ಸಾಮಾನು ಅವರ ಮನೆಯ ಮಾಳಿಗೆ ಮುಚ್ಚಿದರೆ ಅದು ಸದ್ಬಳಕೆಯೇ. ಒಂದೊಂದಾಗಿ ಮಾರಿ, ಇಬ್ಬರು ಮೂವರನ್ನು ಕೇಳಿ, ಕ್ರಮಸಂಖ್ಯೆ ಬರೆದುಕೊಂಡು, ರೊಕ್ಕ ಕೈಗೆ ಬಂದ ಮೇಲೆ ಕೊಡಿ.

ನೆಗೆಟಿವ್ ಡಬ್ಬಿ ಮಾತ್ರ ಕೊಡಬೇಡಿ

ವ್ಯಾಪಾರಿ ನೆಗೆಟಿವ್ ಡಬ್ಬಿಯನ್ನೂ ಕೇಳಿದ್ದು ಯಾಕೆಂದು ಕಾಕಾಗೆ ತಕ್ಷಣ ಹೊಳೆಯಿತು. ಕಪ್ಪು-ಬಿಳುಪು ನೆಗೆಟಿವ್‌ನಲ್ಲಿ ಬೆಳ್ಳಿಯ ಅಂಶ ಇರುತ್ತದೆ. ಮುಚ್ಚಿದ ಎಷ್ಟೋ ಸ್ಟುಡಿಯೋಗಳ ನೆಗೆಟಿವ್‌ಗಳು ಹೀಗೆ ಬೆಳ್ಳಿ ತೆಗೆಯಲು ತೂಕಕ್ಕೆ ಹೋಗಿವೆ. ಅದರಿಂದ ಬರುವ ಬೆಳ್ಳಿ ಚಿಟಿಕೆಯಷ್ಟು. ಹೋಗುವುದು ಒಂದು ಊರಿನ ಮೂವತ್ತು ವರ್ಷದ ಮದುವೆ, ತೊಟ್ಟಿಲು, ಜಾತ್ರೆ, ಶಾಲೆಯ ಗುಂಪು ಫೋಟೋ.

ಡಬ್ಬಿಗಳ ಮೇಲೆ ‘ಇಂದು’ ಎಂದಿದೆಯಂತೆ. ಅದು ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನದು. ಸರ್ಕಾರ 1960ರಲ್ಲಿ ಸ್ಥಾಪಿಸಿದ ಆ ಕಾರ್ಖಾನೆ ಈಗ ಮುಚ್ಚಿದೆ. ಒಳಗಿನ ಲಕೋಟೆಗಳ ಮೇಲೆ ಯಜಮಾನರು ಹಾಕಿದ ನಂಬರು, ಅದಕ್ಕೆ ಸರಿಹೊಂದುವ ರಿಜಿಸ್ಟರು ಎರಡೂ ಇವೆ. ನಮ್ಮ ಮನೆಯ ಹಳೆ ಫೋಟೋಗಳ ಹಿಂಬದಿಯಲ್ಲೂ ಇಂಥದೇ ರಬ್ಬರ್ ಮುದ್ರೆ, ನಂಬರು ಇರುತ್ತದೆ, ತಿರುಗಿಸಿ ನೋಡಿ. ಅದರಿಂದಲೂ ಕಾಲ ಹೇಳಬಹುದು. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರಿಗಿಂತ ಮುಂಚಿನ ಮುದ್ರೆ. ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು. ‘ಕೊಪ್ಪಳ, ಜಿಲ್ಲಾ ರಾಯಚೂರು’ ಎಂದಿದ್ದರೆ 1997ಕ್ಕೆ ಮೊದಲಿನದು, ಆ ವರ್ಷ ನಮ್ಮದೇ ಜಿಲ್ಲೆ ಆಯಿತಲ್ಲ. ಹಳೆ ಮುದ್ರೆಯನ್ನು ಒಂದೆರಡು ವರ್ಷ ಹೆಚ್ಚಿಗೆ ಬಳಸಿದವರೂ ಉಂಟು, ಅಷ್ಟು ವ್ಯತ್ಯಾಸ ಇಟ್ಟುಕೊಳ್ಳಿ.

ಕುಷ್ಟಗಿ ಅಕ್ಕನವರು ಈಗ ಮೊಮ್ಮಗನನ್ನು ಕೂರಿಸಿಕೊಂಡು ಆ ರಿಜಿಸ್ಟರು ಓದಲು ಶುರುಮಾಡಿದ್ದಾರೆ. ಬಿಳಿ ಬೆಳಕಿನ ಮುಂದೆ ನೆಗೆಟಿವ್ ಹಿಡಿದು ಮೊಬೈಲಿನಲ್ಲಿ ತೆಗೆದರೆ ಅದರಲ್ಲೇ ಬಣ್ಣ ತಿರುಗಿಸಿ ಮುಖ ನೋಡಬಹುದು. ಯಾರ ಮದುವೆ ಎಂದು ಗೊತ್ತಾದ ಮನೆಗೆ ಕೇಳಿ ಹೊಸ ಪ್ರತಿ ಹಾಕಿಸಿ ಕೊಟ್ಟರೆ ನಾಲ್ಕು ಕಾಸೂ ಆದೀತು. ಅವ್ವನ ಮದುವೆ ಫೋಟೋ ಮಳೆಗೆ ಹಾಳಾಗಿ ಹೋಯಿತೆಂದು ಕೊರಗುವವರು ನಮ್ಮ ಊರುಗಳಲ್ಲಿ ಕಡಿಮೆಯೇ?

ಕಿವಿಮಾತು

1. ಕ್ಯಾಮೆರಾ ಸಿಕ್ಕ ಕೂಡಲೇ ಹಿಂಬದಿ ಬಾಗಿಲು ತೆರೆಯಬೇಡಿ. ಕ್ಲಿಕ್-3ರಂಥ ಕ್ಯಾಮೆರಾದ ಹಿಂದೆ ಸಣ್ಣ ಕೆಂಪು ಕಿಟಕಿ ಇರುತ್ತದೆ. ಅದರಲ್ಲಿ ಅಂಕಿ ಕಂಡರೆ ಒಳಗೆ ರೀಲು ಉಳಿದಿದೆ ಎಂದರ್ಥ. ಹತ್ತಾರು ವರ್ಷ ಹಳೆಯ ರೀಲಿನಿಂದಲೂ ಕೆಲವೊಮ್ಮೆ ಚಿತ್ರ ಬರುತ್ತದೆ. ರೀಲು ತೊಳೆಯುವವರು ದೊಡ್ಡ ಊರುಗಳಲ್ಲಿ ಈಗಲೂ ಇದ್ದಾರೆ.

2. ಹಿತ್ತಾಳೆ ತಗಡು ಕಪ್ಪಾಗಿದೆಯೆಂದು ಹುಣಸೆಹಣ್ಣು, ವಿಭೂತಿ, ಪಾಲಿಶ್ ಹಾಕಿ ತಿಕ್ಕಬೇಡಿ. ಅಕ್ಷರ ಸವೆದರೆ ಬೆಲೆಯೂ ಸವೆಯಿತು. ಒಣ ಮೆತ್ತನೆ ಅರಿವೆಯಿಂದ ಒರೆಸಿದರೆ ಸಾಕು. ಎಣ್ಣೆಯಂತೂ ಬೇಡವೇ ಬೇಡ.

3. ಒಳಗೆ ಸೆಲ್ ಇದ್ದರೆ ತೆಗೆದಿಡಿ, ಸೋರಿ ತಿಂದುಹಾಕುತ್ತದೆ.

4. ಚರ್ಮದ ಚೀಲದೊಳಗೆ ಮುಚ್ಚಿಟ್ಟರೆ ಮಳೆಗಾಲದಲ್ಲಿ ಲೆನ್ಸಿಗೆ ಬೂಸು ಹಿಡಿಯುತ್ತದೆ. ಚೀಲ ಬೇರೆ, ಕ್ಯಾಮೆರಾ ಬೇರೆ ಇಡಿ. ಔಷಧಿ ಡಬ್ಬಿಯಲ್ಲಿ, ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಬರುವ ತೇವ ಹೀರುವ ಪುಟ್ಟ ಪೊಟ್ಟಣ ಒಂದೆರಡು ಪಕ್ಕದಲ್ಲಿರಲಿ.

5. ನೆಗೆಟಿವ್‌ಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಕಾಗದದ ಲಕೋಟೆಯಲ್ಲಿಡಿ, ಹೆಸರನ್ನು ಪೆನ್ಸಿಲಿನಲ್ಲಿ ಬರೆಯಿರಿ. ವಿನೆಗರ್ ವಾಸನೆ ಬರುತ್ತಿದ್ದರೆ ಅಂಥವನ್ನು ಬೇರೆ ಮಾಡಿ.

6. ನೆಗೆಟಿವ್ ಅಂಚಿನಲ್ಲಿ ‘ಸೇಫ್ಟಿ’ ಎಂಬ ಪದ ಇದ್ದರೆ ಚಿಂತೆಯಿಲ್ಲ. 1950ರ ದಶಕಕ್ಕೂ ಹಿಂದಿನ, ಆ ಪದವಿಲ್ಲದ, ಅಂಟಂಟಾದ ಫಿಲ್ಮು ಬೇಗ ಹೊತ್ತಿಕೊಳ್ಳುವ ಜಾತಿಯದಾಗಿರಬಹುದು. ಅಡುಗೆಮನೆಯ ಅಟ್ಟದ ಮೇಲೆ, ಒಲೆಯ ಹತ್ತಿರ ಇಡಲೇಬೇಡಿ.

7. “ಎಲ್ಲಾ ಸೇರಿ ಇಷ್ಟು” ಎನ್ನುವ ವ್ಯಾಪಾರಿಗೆ ಅಂದೇ ಹ್ಞೂಂ ಅನ್ನಬೇಡಿ. “ಮನ್ಯಾಗ ಕೇಳಿ ಹೇಳ್ತೀನ್ರಿ” ಎಂಬ ಒಂದು ಮಾತಿಗೆ ಖರ್ಚೇನೂ ಇಲ್ಲ.

ನಿಮ್ಮ ಅಟ್ಟದಿಂದ ಇಳಿದ ಕ್ಯಾಮೆರಾ, ಗಡಿಯಾರ, ಹೊಲಿಗೆ ಯಂತ್ರದ ಮೇಲೆ ಅರ್ಥವಾಗದ ಅಕ್ಷರವಿದ್ದರೆ ಇದ್ದಂತೆಯೇ ಬರೆದು ಕಳಿಸಿ. ಕಾಕಾ ಕನ್ನಡಕ ಒರೆಸಿಕೊಂಡು ಕೂತಿದ್ದಾರೆ. ಮುಂದಿನ ಸಂಚಿಕೆಯಲ್ಲಿ ಹಬ್ಬದ ಕರಿಗಡುಬು ಒಡೆಯದಂತೆ ಕರಿಯುವ ಬಗೆಯನ್ನೂ, ಯಲಬುರ್ಗಾದ ಸೋದರಿಯೊಬ್ಬರು ಕೇಳಿದ ಕೌದಿ ಹೊಲಿಗೆಯ ವಿಚಾರವನ್ನೂ ನೋಡೋಣ.